ಸನ್ನಡತೆಗೆ ಕೊಡುವ ಬಹುಮಾನವಲ್ಲ ಕಲೆ

ಜೈಲಿನೊಳಗೆ ಒಂದು ನಾಟಕವೋ, ಚಿತ್ರಕಲಾ ಶಿಬಿರವೋ, ಸಿನಿಮಾ ಪ್ರದರ್ಶನವೋ ನಡೆದರೆ ಮರುದಿನದ ವರದಿಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಕೈದಿಗಳ ಮನಪರಿವರ್ತನೆ. ವೇದಿಕೆಯ ಮೇಲೆ ಕುಳಿತ ಅಧಿಕಾರಿ ಅದನ್ನು ಹೇಳುತ್ತಾರೆ, ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟ ಸಂಸ್ಥೆಯವರು ಹೇಳುತ್ತಾರೆ, ಬಣ್ಣ ಹಚ್ಚಿಕೊಂಡು ನಿಂತ ಕೈದಿಯ ಕೈಗೆ ಮೈಕು ಕೊಟ್ಟರೆ ಅವನೂ ಅದನ್ನೇ ಹೇಳುತ್ತಾನೆ. ಬೇರೇನಾದರೂ ಹೇಳಿದರೆ ಮುಂದಿನ ಸಲ ಅವನಿಗೆ ಪಾತ್ರ ಸಿಕ್ಕೀತೆ? ಕಲೆಯನ್ನು ಆ ಗೋಡೆಯೊಳಕ್ಕೆ ಬಿಟ್ಟುಕೊಳ್ಳಲು ನಾವು ಕಂಡುಕೊಂಡಿರುವ ಸಮರ್ಥನೆ ಇದೊಂದೇ. ಅಪರಾಧಿ ಕೆಟ್ಟವನು, ಕಲೆ ಅವನನ್ನು ತಿದ್ದುತ್ತದೆ, ತಿದ್ದಿಕೊಂಡವನು ಹೊರಬಂದು ಮತ್ತೆ ತಪ್ಪು ಮಾಡುವುದಿಲ್ಲ, ಹೀಗೆ ಸಮಾಜಕ್ಕೂ ಲಾಭ. ಕೇಳಲು ಹಿತವಾಗಿರುವ ಈ ವಾದದಿಂದ ಕಲೆಗೂ ನ್ಯಾಯ ಸಿಗುವುದಿಲ್ಲ, ಕೈದಿಗೂ ಸಿಗುವುದಿಲ್ಲ ಎಂಬುದು ನನ್ನ ತಕರಾರು. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮ ದೇಶದ ಜೈಲುಗಳಲ್ಲಿರುವ ಬಹುಪಾಲು ಜನರಿಗೆ ಈ ವಾದ ಅನ್ವಯಿಸುವುದೇ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಂತೆ 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಕಾನೂನಿನ ಮಟ್ಟಿಗೆ ಅವರು ನಿರಪರಾಧಿಗಳು. ಇವರ ಮನಸ್ಸನ್ನು ಯಾವುದರಿಂದ ಯಾವುದಕ್ಕೆ ಪರಿವರ್ತಿಸುವುದು? ನ್ಯಾಯಾಲಯ ತಪ್ಪಿತಸ್ಥನೆಂದು ಹೇಳದ ಮನುಷ್ಯನನ್ನು ತಿದ್ದಲು ಹೊರಡುವುದು ಅವನಿಗೆ ಮಾಡುವ ಅವಮಾನ. ಆದರೆ ಆಗುವುದು ಇದಕ್ಕಿಂತಲೂ ಕೆಟ್ಟದ್ದು. ತಿದ್ದುವುದೇ ಉದ್ದೇಶವಾದಾಗ ಕಾರ್ಯಕ್ರಮಗಳು ತಾವಾಗಿಯೇ ಸಜಾ ಕೈದಿಗಳ ಕಡೆಗೆ, ಅದರಲ್ಲೂ ಜೀವಾವಧಿಯವರ ಕಡೆಗೆ ವಾಲುತ್ತವೆ. ಅವರು ವರ್ಷಗಟ್ಟಲೆ ಒಂದೇ ಕಡೆ ಇರುತ್ತಾರೆ, ತಾಲೀಮಿಗೆ ಸಿಗುತ್ತಾರೆ, ಫಲಿತಾಂಶ ತೋರಿಸಬಹುದು. ವಿಚಾರಣಾಧೀನನಾದರೋ ಇವತ್ತು ಕೋರ್ಟಿಗೆ ಹೋಗುತ್ತಾನೆ, ನಾಳೆ ಜಾಮೀನು ಸಿಕ್ಕೀತು, ನಾಡಿದ್ದು ಬೇರೆ ಜೈಲಿಗೆ ಸಾಗಿಸಿಯಾರು. ಅವನನ್ನು ನಂಬಿ ಮುಖ್ಯ ಪಾತ್ರ ಕೊಡುವವರು ಯಾರು? ಶಿಕ್ಷೆಯಾದವನಿಗೆ ನೇಯ್ಗೆಯೋ ಬೇಕರಿಯೋ ಮರಗೆಲಸವೋ ಇರುತ್ತದೆ. ಕಠಿಣ ಶಿಕ್ಷೆಯ ಭಾಗವೆನಿಸಿದ ದುಡಿಮೆ ವಿಚಾರಣಾಧೀನನಿಗೆ ಕಡ್ಡಾಯವೂ ಅಲ್ಲ, ಹಲವು ಕಡೆ ಲಭ್ಯವೂ ಇಲ್ಲ. ಹೀಗಾಗಿ ಜೈಲಿನ ಅತ್ಯಂತ ಖಾಲಿ ದಿನ ಅವನದು. ತಪ್ಪು ಸಾಬೀತಾದವನಿಗೆ ರಂಗಮಂಚ, ಸಾಬೀತಾಗದವನಿಗೆ ಬ್ಯಾರಕ್ಕಿನ ಗೋಡೆ ಎಂಬ ವಿಚಿತ್ರ ವ್ಯವಸ್ಥೆ ಹುಟ್ಟಿದ್ದು ನಮ್ಮ ಒಳ್ಳೆಯ ಉದ್ದೇಶದಿಂದಲೇ.

ಹಾಗಾದರೆ ಕಲೆಗೆ ಒಳಗೆ ಹೋಗುವ ಹಕ್ಕು ಎಲ್ಲಿಂದ ಬರುತ್ತದೆ? ಉತ್ತರ ನಮ್ಮ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಲ್ಲೇ ಇದೆ. ಪ್ರಭಾಕರ ಪಾಂಡುರಂಗ ಸಂಜಗಿರಿ ಎಂಬವರು ಅರವತ್ತರ ದಶಕದಲ್ಲಿ ಭಾರತ ರಕ್ಷಣಾ ನಿಯಮಗಳಡಿ ಮುಂಬಯಿಯ ಜೈಲಿನಲ್ಲಿದ್ದಾಗ ಅಣುವಿನ ಬಗ್ಗೆ ಮರಾಠಿಯಲ್ಲಿ ಒಂದು ವಿಜ್ಞಾನ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಮುದ್ರಣಕ್ಕೆ ಹೊರಗೆ ಕಳುಹಿಸಲು ಸರ್ಕಾರ ಬಿಡಲಿಲ್ಲ. ಬಂಧನದ ಆದೇಶದಲ್ಲಿ ಪುಸ್ತಕ ಬರೆಯಬಾರದೆಂಬ ಷರತ್ತು ಇಲ್ಲದಿರುವಾಗ ಅದನ್ನು ತಡೆಯುವುದು ಅವರ ಸ್ವಾತಂತ್ರ್ಯದ ಮೊಟಕು ಎಂದು ನ್ಯಾಯಾಲಯ ಹೇಳಿತು. ಶಿಕ್ಷೆಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಕಳಚಿ ಬೀಳುವುದಿಲ್ಲ ಎಂದು 1974ರಲ್ಲಿ ಭುವನ್ ಮೋಹನ್ ಪಟ್ನಾಯಕ್ ಪ್ರಕರಣದಲ್ಲಿ ಹೇಳಿತು. 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬದುಕುವ ಹಕ್ಕೆಂದರೆ ಉಸಿರಾಡಿಕೊಂಡಿರುವುದಷ್ಟೇ ಅಲ್ಲ; ಓದುವ, ಬರೆಯುವ, ಬಗೆಬಗೆಯಲ್ಲಿ ತನ್ನನ್ನು ಹೇಳಿಕೊಳ್ಳುವ ಅನುಕೂಲವೂ ಅದರೊಳಗೆ ಸೇರಿದೆ ಎಂಬುದು ಅಲ್ಲಿನ ತಿರುಳು. ಸಂಜಗಿರಿಯಾಗಲಿ ಮುಲ್ಲಿನ್ ಆಗಲಿ ಶಿಕ್ಷೆಗೆ ಒಳಗಾದವರಲ್ಲ, ಮುಂಜಾಗ್ರತೆಯ ಹೆಸರಿನಲ್ಲಿ ಬಂಧನದಲ್ಲಿದ್ದವರು. ಈ ತೀರ್ಪುಗಳಲ್ಲಿ ಎಲ್ಲಿಯೂ ಕೈದಿ ಸುಧಾರಿಸಬೇಕೆಂಬ ಷರತ್ತಿಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ನೆಲ್ಸನ್ ಮಂಡೇಲಾ ನಿಯಮಗಳ 105ನೆಯದೂ ಎಲ್ಲ ಸೆರೆಮನೆಗಳಲ್ಲಿ ಮನರಂಜನೆ ಮತ್ತು ಸಾಂಸ್ಕೃತಿಕ ಚಟುವಟಿಕೆ ಇರಬೇಕೆನ್ನುತ್ತದೆ. ಅದು ಕೊಡುವ ಕಾರಣ ದೇಹ ಮತ್ತು ಮನಸ್ಸಿನ ಆರೋಗ್ಯ. ಬೆಂಗಳೂರಿಗರಿಗೆ ಇದೆಲ್ಲ ದೂರದ ಸಂಗತಿಯೇನಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರು ನೆನಪಿಟ್ಟುಕೊಂಡಿರುವ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅಲ್ಲಿ ಅವರು ಬರೆದ ದಿನಚರಿ ಆಮೇಲೆ ಪುಸ್ತಕವಾಯಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಜೈಲು ಇದ್ದ ಜಾಗ ಈಗ ಫ್ರೀಡಂ ಪಾರ್ಕ್.

ಹಕ್ಕಿನ ಮಾತು ಬಿಡಿ, ಲಾಭದ ಲೆಕ್ಕವೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಆ ಲೆಕ್ಕವನ್ನೂ ನೋಡೋಣ. ಕ್ಯಾಲಿಫೋರ್ನಿಯಾದ ಸೆರೆಮನೆಗಳ ಕಲಾ ಕಾರ್ಯಕ್ರಮವನ್ನು 1983ರಲ್ಲಿ ಲ್ಯಾರಿ ಬ್ರೂಸ್ಟರ್ ಎಂಬ ಪ್ರಾಧ್ಯಾಪಕರು ಅಧ್ಯಯನ ಮಾಡಿದರು. ಭಾಗವಹಿಸಿದವರಲ್ಲಿ ಶಿಸ್ತು ಉಲ್ಲಂಘನೆಯ ಪ್ರಕರಣಗಳು ಇಳಿದವು, ಖರ್ಚಿಗಿಂತ ಉಳಿತಾಯ ಹೆಚ್ಚು ಎಂದು ಅವರು ತೋರಿಸಿದರು. ನ್ಯೂಯಾರ್ಕಿನ ಸಿಂಗ್ ಸಿಂಗ್ ಸೆರೆಮನೆಯಲ್ಲಿ 1996ರಲ್ಲಿ ಶುರುವಾದ ರಂಗ ಕಾರ್ಯಕ್ರಮದವರು ತಮ್ಮಲ್ಲಿ ಪಳಗಿ ಹೊರಹೋದವರಲ್ಲಿ ಮತ್ತೆ ಜೈಲು ಸೇರಿದವರು ಶೇಕಡಾ 3ಕ್ಕಿಂತ ಕಡಿಮೆ ಎನ್ನುತ್ತಾರೆ. ರ‍್ಯಾಂಡ್ ಸಂಶೋಧನಾ ಸಂಸ್ಥೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಜೈಲಿನಲ್ಲಿ ಶಿಕ್ಷಣ ಪಡೆದವರು ಮತ್ತೆ ಅಪರಾಧಕ್ಕೆ ಇಳಿಯುವ ಸಂಭವ ಗಣನೀಯವಾಗಿ ಕಡಿಮೆ ಎಂದಿತು. ಅದು ಶಿಕ್ಷಣದ ಮಾತು, ಕಲೆಯದಲ್ಲ, ಎರಡನ್ನೂ ಬೆರೆಸಿ ಹೇಳುವ ಅಭ್ಯಾಸ ಕಲೆಯ ವಕೀಲರಿಗಿದೆ. ಈ ಅಂಕಿಗಳಲ್ಲಿ ಒಂದು ಬಿರುಕಿದೆ. ನಾಟಕಕ್ಕೆ ಹೆಸರು ಕೊಡುವವನು ಯಾರು? ಬದಲಾಗಬೇಕೆಂದು ಆಗಲೇ ಮನಸ್ಸು ಮಾಡಿದವನು, ಗಲಾಟೆಯಿಂದ ದೂರವಿರಲು ಬಯಸಿದವನು, ಅಧಿಕಾರಿಗಳು ಒಪ್ಪಿ ಕಳುಹಿಸಿದವನು. ಅವನು ನಾಟಕ ಆಡದಿದ್ದರೂ ಬಹುಶಃ ವಾಪಸು ಬರುತ್ತಿರಲಿಲ್ಲ. ಒಳಗಿನ ನೆಮ್ಮದಿ ಹೆಚ್ಚುತ್ತದೆ ಎಂಬುದನ್ನು ನಾನು ನಂಬುತ್ತೇನೆ. ಹೊರಗಿನ ಅಪರಾಧ ಇಳಿಯುತ್ತದೆ ಎಂಬುದಕ್ಕೆ ಇರುವ ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. ಇನ್ನು ಲಾಭ ಸಾಬೀತಾದರೆ ಕಾರ್ಯಕ್ರಮ ಉಳಿಯುತ್ತದೆ ಎಂಬ ಭರವಸೆಗೂ ಆಧಾರವಿಲ್ಲ. ಬ್ರೂಸ್ಟರ್ ಅಧ್ಯಯನದ ಹೊರತಾಗಿಯೂ ಹಣದ ಮುಗ್ಗಟ್ಟು ಬಂದಾಗ ಕ್ಯಾಲಿಫೋರ್ನಿಯಾ 2010ರಲ್ಲಿ ಆ ಕಾರ್ಯಕ್ರಮದ ಹಣ ನಿಲ್ಲಿಸಿತು. ಅದು ಮತ್ತೆ ಚಿಗುರಲು ಕೆಲವು ವರ್ಷ ಬೇಕಾಯಿತು. ಲಾಭಕ್ಕಾಗಿ ಕೊಟ್ಟದ್ದನ್ನು ನಷ್ಟದ ವರ್ಷದಲ್ಲಿ ಕಿತ್ತುಕೊಳ್ಳುವುದು ಸಹಜ.

ಕರ್ನಾಟಕದಲ್ಲಿ ಈ ವಿಷಯ ಬಂದಾಗ ಮೊದಲು ನೆನಪಾಗಬೇಕಾದವರು ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ. ತೊಂಬತ್ತರ ದಶಕದ ಕೊನೆಯ ಭಾಗದಿಂದ ಅವರೂ ಅವರ 'ಸಂಕಲ್ಪ' ತಂಡವೂ ರಾಜ್ಯದ ಕಾರಾಗೃಹಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸುತ್ತ ಬಂದಿದ್ದಾರೆ. ಆ ನಾಟಕಗಳು ಗೋಡೆಯೊಳಗೆ ಮಾತ್ರ ಉಳಿಯದೆ ಪೊಲೀಸ್ ಕಾವಲಿನಲ್ಲಿ ಊರಿನ ರಂಗಮಂದಿರಗಳಿಗೂ ಬಂದಿವೆ. ಅವರು ಆರಿಸಿಕೊಂಡ ಕೃತಿಗಳನ್ನು ನೋಡಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. ಎಚ್.ಎಸ್. ಶಿವಪ್ರಕಾಶರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ತಂದ 'ಮಾರನಾಯಕನ ದೃಷ್ಟಾಂತ'ದಲ್ಲಿ ಕೊಲೆಗಾರ ತಿದ್ದಿಕೊಳ್ಳುವುದಿಲ್ಲ. ಒಂದು ಕೊಲೆ ಇನ್ನೊಂದನ್ನು ಬೇಡುತ್ತ ಹೋಗುತ್ತದೆ. ಜಯಂತ ಕಾಯ್ಕಿಣಿಯವರ 'ಜೊತೆಗಿರುವನು ಚಂದಿರ'ದಲ್ಲಿ ಇರುವುದು ಕಾಲ ಬದಲಾದಂತೆ ಕೈಜಾರುವ ಕುಟುಂಬ, ಕೈತಪ್ಪುವ ನೆಲ. ಇವು ಪಶ್ಚಾತ್ತಾಪದ ಪಾಠಗಳಲ್ಲ. ಇದಕ್ಕೆ ಎದುರಾಗಿ ನಮ್ಮ ದೇಶದ ಜೈಲು ಕಲೆಯಲ್ಲಿ ಪದೇ ಪದೇ ಬರುವ ಕಥೆಯೆಂದರೆ ದರೋಡೆಕೋರ ಕವಿಯಾದದ್ದು. ಕೋಲ್ಕತ್ತದ ಪ್ರೆಸಿಡೆನ್ಸಿ ಸೆರೆಮನೆಯಲ್ಲಿ ನೃತ್ಯಗಾತಿ ಅಲಕಾನಂದಾ ರಾಯ್ ಕೈದಿಗಳಿಂದ ಮಾಡಿಸಿದ್ದು ರವೀಂದ್ರರ 'ವಾಲ್ಮೀಕಿ ಪ್ರತಿಭಾ'. ಅದೊಂದು ದೊಡ್ಡ ಕೆಲಸ, ಅನುಮಾನವಿಲ್ಲ. ಅಲ್ಲಿ ಪಳಗಿದ ನೈಜೆಲ್ ಅಕ್ಕರ 2012ರ 'ಮುಕ್ತಧಾರಾ' ಬಂಗಾಳಿ ಚಿತ್ರದಲ್ಲಿ ನಟಿಸಿ ನಟನಾಗಿಯೇ ನೆಲೆ ಕಂಡುಕೊಂಡರು. ಆದರೂ ಕೈದಿಯ ಮುಂದೆ ಯಾವಾಗಲೂ ವಾಲ್ಮೀಕಿಯನ್ನೋ ಅಂಗುಲಿಮಾಲನನ್ನೋ ಇಡುವುದರಲ್ಲಿ ನಮ್ಮ ಒಂದು ಚಟ ಕಾಣುತ್ತದೆ: ನೀನು ಯಾರೆಂದು ನಮಗೆ ಗೊತ್ತು, ನೀನು ಏನಾಗಬೇಕೆಂದೂ ನಮಗೆ ಗೊತ್ತು. ಮಾರನಾಯಕನ ಪಾತ್ರ ಮಾಡುವವನಿಗೆ ಈ ಒತ್ತಾಯವಿಲ್ಲ. ತಾನು ಮಾಡಿರಬಹುದಾದ ಅಥವಾ ಮಾಡದೇ ಇರಬಹುದಾದ ಒಂದು ಕೃತ್ಯವನ್ನು ಇನ್ನೊಬ್ಬನ ಮಾತಿನಲ್ಲಿ, ನೂರು ಜನರೆದುರು, ದಿನವೂ ತಾಲೀಮು ಮಾಡುತ್ತ ಒಳಗಿನಿಂದ ನೋಡುವ ಅವಕಾಶ ಅಲ್ಲಿದೆ. ಅದರಿಂದ ಅವನು ಏನು ತೆಗೆದುಕೊಳ್ಳುತ್ತಾನೆ ಎಂಬುದು ಅವನ ಸ್ವಂತ ವಿಚಾರ, ಸೂಪರಿಂಟೆಂಡೆಂಟರ ವಾರ್ಷಿಕ ವರದಿಯದಲ್ಲ.

ಮನಪರಿವರ್ತನೆಯ ವಾದದ ಬೆನ್ನಿಗೇ ಸನ್ನಡತೆಯ ವಾದ ಬರುತ್ತದೆ. ಚೆನ್ನಾಗಿ ನಡೆದುಕೊಂಡವನಿಗೆ ಸಿನಿಮಾ, ಜಗಳ ಮಾಡಿದವನಿಗೆ ಇಲ್ಲ. ಇದು ಎಷ್ಟು ಕುರುಡು ಆಯ್ಕೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್‌ನ ಒಂದು ಹಳೆಯ ಪ್ರಸಂಗ ಸಾಕ್ಷಿ. 1957ರ ನವೆಂಬರ್ 19ರಂದು ನಿರ್ದೇಶಕ ಹರ್ಬರ್ಟ್ ಬ್ಲೌ ಅವರ ತಂಡ ಆ ಸೆರೆಮನೆಯಲ್ಲಿ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಆಡಿತು. ಆ ನಾಟಕವನ್ನು ಆರಿಸಿದ್ದಕ್ಕೆ ಒಂದು ಕಾರಣ ಅದರಲ್ಲಿ ಹೆಣ್ಣು ಪಾತ್ರಗಳಿಲ್ಲ ಎಂಬುದಂತೆ. ಕಲಾ ಚರಿತ್ರೆ ಇಂಥ ಸಣ್ಣ ಅಂಜಿಕೆಗಳಿಂದಲೂ ಮುಂದೆ ಸಾಗುತ್ತದೆ. ಹೊರಗಿನ ಸುಶಿಕ್ಷಿತ ಪ್ರೇಕ್ಷಕರು ಅರ್ಥವಾಗಲಿಲ್ಲವೆಂದು ಎದ್ದುಹೋಗುತ್ತಿದ್ದ ನಾಟಕವನ್ನು ಸುಮಾರು 1,400 ಕೈದಿಗಳು ಕಡೆಯವರೆಗೆ ನೋಡಿದರು. ಬಾರದವನಿಗಾಗಿ ಕಾಯುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಜೀವಾವಧಿ ಶಿಕ್ಷೆಯಲ್ಲಿದ್ದ ರಿಕ್ ಕ್ಲೂಚಿ ಎಂಬ ಕೈದಿ ಮಾತ್ರ ಆ ಸಭೆಯಲ್ಲಿರಲಿಲ್ಲ. ಅಪಾಯಕಾರಿ ಎಂದು ಅವನನ್ನು ಕೋಣೆಯಲ್ಲೇ ಕೂಡಿಹಾಕಿದ್ದರು. ಧ್ವನಿವರ್ಧಕದಲ್ಲಿ ಬಂದ ಸಂಭಾಷಣೆಯನ್ನಷ್ಟೇ ಅವನು ಕೇಳಿಸಿಕೊಂಡ. ಮುಂದೆ ಸ್ಯಾನ್ ಕ್ವೆಂಟಿನ್ ನಾಟಕ ತಂಡವನ್ನು ಕಟ್ಟಿದವನು, ನಾಟಕ ಬರೆದವನು, ಬಿಡುಗಡೆಯಾದ ಮೇಲೆ ಸ್ವತಃ ಬೆಕೆಟ್‌ನ ನಿರ್ದೇಶನದಲ್ಲಿ ಅಭಿನಯಿಸಿದವನು ಅವನೇ. ಅಧಿಕಾರಿಗಳ ಪಟ್ಟಿಯಂತೆ ಆ ನಾಟಕಕ್ಕೆ ಅರ್ಹನಲ್ಲದ ಮನುಷ್ಯ ಅವನು. ಒಬ್ಬ ಕ್ಲೂಚಿಯಿಂದ ನಿಯಮ ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಯಾರಿಗೆ ಏನು ತಟ್ಟುತ್ತದೆಂದು ಮೊದಲೇ ಹೇಳಬಲ್ಲೆವೆಂಬ ಧೈರ್ಯ ಯಾರಿಗೂ ಇರಬಾರದು.

ಅರ್ಹತೆ ನೋಡಿ ಕಲೆ ಕೊಡುವ ಈ ಯೋಚನೆಯ ಬೇರು ನಮ್ಮಲ್ಲಿ ಇನ್ನೂ ಆಳದಲ್ಲಿದೆ, ಅದಕ್ಕೆ ಸಿನಿಮಾ ಕೂಡ ನೀರೆರೆದಿದೆ. ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಬಯಲು ಸೆರೆಮನೆಯ ಪ್ರಯೋಗದಿಂದ ಸ್ಫೂರ್ತಿ ಪಡೆದು ವಿ. ಶಾಂತಾರಾಂ 1957ರಲ್ಲಿ ತೆಗೆದ 'ದೋ ಆಂಖೇ ಬಾರಾ ಹಾಥ್' ಚಿತ್ರ ಇವತ್ತಿಗೂ ನೋಡಿಸಿಕೊಳ್ಳುತ್ತದೆ. ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿಯನ್ನೂ ಪಡೆಯಿತು. ಆರು ಕೊಲೆಗಾರರು, ಬಂಜರು ನೆಲ, ಅವರನ್ನು ನಂಬಿದ ಒಬ್ಬ ವಾರ್ಡನ್. ಅದರ ಹಿರಿಮೆಯಲ್ಲೇ ಅದರ ತೊಂದರೆಯೂ ಇದೆ. ಕೈದಿಯ ಒಳಿತೆಂದರೆ ಒಬ್ಬ ಪುಣ್ಯಾತ್ಮ ಅಧಿಕಾರಿಯ ಕೃಪೆ ಎಂದು ಮೂರು ತಲೆಮಾರು ನಂಬಿಕೊಂಡಿತು. ತಿಹಾರ್‌ನಲ್ಲಿ ಜೈಲಿನ ಮುಖ್ಯಸ್ಥೆಯಾಗಿ ಕಿರಣ್ ಬೇಡಿ 1993ರಿಂದ 1995ರವರೆಗೆ ಮಾಡಿದ ಸುಧಾರಣೆಗಳು ನಮಗೆ ಗೊತ್ತು. ಅವರ ಕಾಲದ ವಿಪಶ್ಶನ ಧ್ಯಾನ ಶಿಬಿರಗಳ ಮೇಲೆ ಹೆಸರಾಂತ ಸಾಕ್ಷ್ಯಚಿತ್ರವೂ ಬಂತು. ನಮಗೆ ನೆನಪಿರುವುದು ಅಧಿಕಾರಿಯ ಹೆಸರು, ನಿಯಮದ ಹೆಸರಲ್ಲ. ಅಧಿಕಾರಿಗೆ ವರ್ಗವಾದರೆ ಹಾರ್ಮೋನಿಯಂ ಉಗ್ರಾಣ ಸೇರುತ್ತದೆ. ಊಟ, ಔಷಧ, ಸಂದರ್ಶನ ಇವು ಯಾರು ಸೂಪರಿಂಟೆಂಡೆಂಟ್ ಆಗಿದ್ದರೂ ನಡೆಯಬೇಕಾದವು ಎಂದು ನಾವು ಒಪ್ಪಿದ್ದೇವೆ. ಪುಸ್ತಕ, ನಾಟಕ, ಚಿತ್ರಗಳನ್ನು ಆ ಸಾಲಿಗೆ ಸೇರಿಸಲು ನಮಗೇಕೋ ಮುಜುಗರ.

ಬ್ಯಾರಕ್ಕುಗಳಲ್ಲಿ ಟಿವಿ ಇದೆಯಲ್ಲ, ಇನ್ನೇನು ಬೇಕು ಎಂಬುದು ಮಾಮೂಲಿ ಆಕ್ಷೇಪ. ಟಿವಿಯನ್ನು ನಾನು ಹೀಗಳೆಯುವುದಿಲ್ಲ. ಧಾರಾವಾಹಿ ನೋಡಿ ಸಂಜೆ ಕಳೆಯುವುದು ಹೊರಗಿನವರ ಹಕ್ಕಾದರೆ ಒಳಗಿನವರದೂ ಹೌದು. ಆದರೆ ನೂರು ಜನರ ನಡುವೆ ಬೆಳಗಿನಿಂದ ಕೂಗುವ ಒಂದು ಪೆಟ್ಟಿಗೆ, ರಿಮೋಟು ಬ್ಯಾರಕ್ಕಿನಲ್ಲಿ ಬಲ ಇರುವವನ ಕೈಯಲ್ಲಿ, ಇದಕ್ಕೂ ಒಂದು ಚಿತ್ರವನ್ನು ಆರಿಸಿ, ಕತ್ತಲು ಮಾಡಿ, ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ನೋಡಿ, ಆಮೇಲೆ ಅದರ ಬಗ್ಗೆ ಜಗಳವಾಡುವುದಕ್ಕೂ ಅಂತರವಿದೆ. ಜೈಲಿನಲ್ಲಿ ಮಾತು ಹೆಚ್ಚಾಗಿ ಕೇಸಿನ ಸುತ್ತ, ಜಾಮೀನಿನ ಸುತ್ತ, ಮನೆಯ ಚಿಂತೆಯ ಸುತ್ತ ತಿರುಗುತ್ತದೆ. ಮೂರನೆಯವರ ಬದುಕಿನ ಬಗ್ಗೆ, ತಮಗೆ ನಷ್ಟವೂ ಲಾಭವೂ ಇಲ್ಲದ ಒಂದು ವಿಷಯದ ಬಗ್ಗೆ, ನಿರ್ಭಯವಾಗಿ ಭಿನ್ನಾಭಿಪ್ರಾಯ ಹೇಳುವ ಸಂದರ್ಭ ಅಲ್ಲಿ ಬಲು ಅಪರೂಪ. ಸಿನಿಮಾ ಅದನ್ನು ಒದಗಿಸುತ್ತದೆ. ಭಾಷೆಯ ತೊಡಕು ಎನ್ನುವವರಿಗೆ ಒಂದು ಸಣ್ಣ ಸಲಹೆ: ಹತ್ತು ರಾಜ್ಯಗಳ ವಿಚಾರಣಾಧೀನರು ತುಂಬಿರುವ ಬೆಂಗಳೂರಿನಂಥ ಜೈಲಿನಲ್ಲಿ ತೋರಿಸಲು ಸಿಂಗೀತಂ ಶ್ರೀನಿವಾಸರಾವ್ ಅವರ 1987ರ 'ಪುಷ್ಪಕ ವಿಮಾನ' ಇದೆ. ಬೆಂಗಳೂರಿನಲ್ಲೇ ತೆಗೆದ ಆ ಚಿತ್ರದಲ್ಲಿ ಒಂದೂ ಸಂಭಾಷಣೆಯಿಲ್ಲ.

ಗಂಭೀರವಾದ ಆಕ್ಷೇಪ ನೊಂದವರ ಕಡೆಯಿಂದ ಬರುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಊರಿನಲ್ಲಿ ಕಣ್ಣೀರಿಡುವಾಗ ಕೊಂದವನು ಚಪ್ಪಾಳೆಯ ನಡುವೆ ನಿಲ್ಲುವುದು ಸರಿಯೇ? ಈ ಪ್ರಶ್ನೆಯನ್ನು ಜಾಣ ಉತ್ತರದಿಂದ ದಾಟಲಾಗದು. ನ್ಯಾಯಾಲಯ ಕೊಟ್ಟ ಶಿಕ್ಷೆ ಸ್ವಾತಂತ್ರ್ಯದ ನಷ್ಟ, ಅದರ ಮೇಲೆ ಬೇಸರವನ್ನೂ ಮೌನವನ್ನೂ ಸೇರಿಸಲು ಜೈಲಿಗೆ ಅಧಿಕಾರವಿಲ್ಲ ಎಂಬುದು ಕಾನೂನಿನ ಉತ್ತರ. ಅದು ಸರಿ, ಆದರೆ ಆ ತಾಯಿಗೆ ಸಾಲದು. ನನಗೆ ಕಾಣುವುದು ಇಷ್ಟು. ಒಳಗೆ ಚಿತ್ರ ನೋಡುವುದು, ನಾಟಕ ಆಡುವುದು, ಬಣ್ಣ ಹಿಡಿಯುವುದು ಒಂದು. ಹೊರಗೆ ಬಂದು ಹೆಸರು, ಮುಖ, ಅಪರಾಧದ ಕಥೆಯೊಂದಿಗೆ ಪ್ರಸಿದ್ಧಿ ಪಡೆಯುವುದು ಇನ್ನೊಂದು. ಮೊದಲನೆಯದಕ್ಕೆ ನೊಂದವರ ಒಪ್ಪಿಗೆ ಕೇಳಬೇಕಿಲ್ಲ, ಕೈದಿಯ ಊಟಕ್ಕೆ ಹೇಗೆ ಕೇಳುವುದಿಲ್ಲವೋ ಹಾಗೆ. ಎರಡನೆಯದಕ್ಕೆ, ಅದರಲ್ಲೂ ಆ ಅಪರಾಧವನ್ನೇ ಕಥೆಯಾಗಿಸುವುದಿದ್ದರೆ, ಅವರ ಮಾತಿಗೆ ಬೆಲೆ ಇರಲೇಬೇಕು. ಬ್ರಿಟನ್ನಿನಲ್ಲಿ ಇದಕ್ಕೊಂದು ಮಾದರಿಯಿದೆ. ಸ್ಪೇನಿನ ಅಂತರ್ಯುದ್ಧದಲ್ಲಿ ಮರಣದಂಡನೆಯ ನೆರಳಿನಲ್ಲಿ ಸೆರೆಯಲ್ಲಿದ್ದ ಲೇಖಕ ಆರ್ಥರ್ ಕೋಸ್ಲರ್ 1962ರಲ್ಲಿ ಕೈದಿಗಳ ಕಲೆಗೆ ಪ್ರಶಸ್ತಿಗಳನ್ನು ಶುರುಮಾಡಿದರು. ಇವತ್ತಿಗೂ ಪ್ರತಿ ವರ್ಷ ಲಂಡನ್ನಿನಲ್ಲಿ ಆ ಕೃತಿಗಳ ಪ್ರದರ್ಶನ ನಡೆಯುತ್ತದೆ. ಮಾರಾಟದ ಹಣದಲ್ಲಿ ಒಂದು ಪಾಲು ಕಲಾವಿದನಿಗೆ, ಒಂದು ಪಾಲು ಅಪರಾಧಕ್ಕೆ ತುತ್ತಾದವರ ನೆರವಿಗೆ ಹೋಗುತ್ತದೆ. ನಮ್ಮಲ್ಲೂ ಕೈದಿಗಳ ಕೂಲಿಯಲ್ಲಿ ನೊಂದವರಿಗೆ ಪಾಲು ಎತ್ತಿಡುವ ವಿಚಾರವನ್ನು ಸುಪ್ರೀಂ ಕೋರ್ಟ್ 1998ರಲ್ಲೇ ಎತ್ತಿಹೇಳಿದೆ. ನೊಂದವರ ದುಃಖವನ್ನು ಗೌರವಿಸುವ ದಾರಿ ಅವರಿಗೆ ಬೇಗ ನ್ಯಾಯ, ಪರಿಹಾರ, ಮಾಹಿತಿ ಕೊಡುವುದು. ಪ್ರಕರಣವನ್ನು ಹತ್ತು ವರ್ಷ ಎಳೆದು, ಕೊನೆಗೆ ಕೈದಿಯ ಪ್ರೊಜೆಕ್ಟರ್ ಆರಿಸಿ ಅವರಿಗೆ ಸಮಾಧಾನವಾಯಿತೆನ್ನುವುದು ಅಗ್ಗದ ಲೆಕ್ಕ.

2024ರ ಆಗಸ್ಟಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ಹೊರಬಿದ್ದ ಒಂದು ಫೋಟೊ ನಾಡನ್ನೆಲ್ಲ ಕೆರಳಿಸಿತ್ತು: ಕೊಲೆ ಆರೋಪಿಯಾಗಿ ಒಳಗಿದ್ದ ಹೆಸರಾಂತ ನಟ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಸಿಗರೇಟು, ಕಪ್ಪು ಹಿಡಿದು ಕುಳಿತದ್ದು. ಆಮೇಲೆ ಸಿಬ್ಬಂದಿಯ ಅಮಾನತು, ಬಳ್ಳಾರಿಗೆ ಸ್ಥಳಾಂತರ. ಅಂದಿನಿಂದ ಜೈಲಿನಲ್ಲಿ ಯಾವ ಸೌಲಭ್ಯದ ಮಾತೆತ್ತಿದರೂ ರಾಜಾತಿಥ್ಯ ಎಂಬ ಪ್ರತಿಕ್ರಿಯೆ ಸಿದ್ಧವಾಗಿರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಯಾವುದರ ಮೇಲಿನ ಸಿಟ್ಟು ಎಂದು ನೋಡಬೇಕು. ದುಡ್ಡೂ ಹೆಸರೂ ಇರುವ ಒಬ್ಬನಿಗೆ ನಿಯಮ ಬಗ್ಗಿತು, ಉಳಿದ ಸಾವಿರಾರು ಜನರಿಗೆ ಬಗ್ಗಲಿಲ್ಲ ಎಂಬುದರ ಮೇಲೆ. ಎಲ್ಲರಿಗೂ ಒಂದೇ ಪರದೆ, ಒಂದೇ ಹೊತ್ತು ಎಂಬ ವ್ಯವಸ್ಥೆ ಆ ಫೋಟೊಗೆ ನೇರ ವಿರುದ್ಧವಾದದ್ದು. ಜಾಗವಿಲ್ಲ, ಹಣವಿಲ್ಲ ಎಂಬ ಮಾತಿಗೂ ಹೀಗೇ ಉತ್ತರವಿದೆ. 2022ರಲ್ಲಿ ದೇಶದ ಜೈಲುಗಳು ನೂರು ಜನರ ಜಾಗದಲ್ಲಿ 131 ಮಂದಿಯನ್ನು ತುಂಬಿಕೊಂಡಿದ್ದವು. ಮೊದಲು ಮಲಗಲು ಜಾಗ, ವೈದ್ಯರು, ವಕೀಲರು ಬೇಕು ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕಲೆಯ ಹಣವನ್ನು ಉಳಿಸಿ ಹಾಸಿಗೆ ಕೊಂಡ ಜೈಲಿನ ಬಗ್ಗೆ ನಾನು ಕೇಳಿಲ್ಲ. ಎರಡನ್ನೂ ಕೊಡದಿರುವುದೇ ಪದ್ಧತಿ.

ಭದ್ರತೆಯ ಹೆಸರಿನಲ್ಲಿ ಏನೇನು ತಡೆಯಲ್ಪಡುತ್ತದೆ ಎಂಬುದು ಒಮ್ಮೊಮ್ಮೆ ನಗೆಪಾಟಲು. ಮಾನವ ಹಕ್ಕುಗಳ ಹೋರಾಟಗಾರ ಗೌತಮ್ ನವ್‌ಲಖಾ ತಲೋಜಾ ಜೈಲಿನಲ್ಲಿದ್ದಾಗ ಮನೆಯವರು ಕಳುಹಿಸಿದ ಹಾಸ್ಯ ಲೇಖಕ ಪಿ.ಜಿ. ವೋಡ್‌ಹೌಸ್ ಪುಸ್ತಕವನ್ನು ಭದ್ರತೆಗೆ ಅಪಾಯವೆಂದು ಜೈಲಿನವರು ನಿರಾಕರಿಸಿದ್ದರು. 2022ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಕೇಳಿ ಹಾಸ್ಯಾಸ್ಪದವೆಂದಿತು. ಬ್ರಿಟನ್ನಿನಲ್ಲಿ ಕೈದಿಗಳಿಗೆ ಹೊರಗಿನಿಂದ ಪುಸ್ತಕ ಕಳುಹಿಸುವುದಕ್ಕೆ ಹಾಕಿದ್ದ ನಿರ್ಬಂಧವನ್ನು ಅಲ್ಲಿನ ಹೈಕೋರ್ಟ್ 2014ರಲ್ಲಿ ಕಾನೂನುಬಾಹಿರ ಎಂದಿತು. ಪರಿಶೀಲನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಬೇಡವೆಂದು ತಡೆದದ್ದಕ್ಕೆ ಲಿಖಿತ ಕಾರಣ, ಅದನ್ನು ಮೇಲಿನವರ ಮುಂದೆ ಪ್ರಶ್ನಿಸುವ ದಾರಿ, ಇಷ್ಟಿದ್ದರೆ ಸಾಕು. ಇನ್ನು ಯಾವ ಚಿತ್ರ ತೋರಿಸಬೇಕೆಂಬುದರಲ್ಲಿ ಕೈದಿಗಳಿಗೂ ಮಾತಿರಬೇಕು. ಅವರು ಹೊಡೆದಾಟದ ಚಿತ್ರ ಕೇಳಿಯಾರು, ರಾಜಕುಮಾರ್ ಚಿತ್ರ ಕೇಳಿಯಾರು, ನಮಗೆ ಶ್ರೇಷ್ಠವೆನಿಸಿದ್ದನ್ನು ಬೇಡವೆಂದಾರು. ಬೇಡವೆನ್ನುವ ಅವಕಾಶವಿಲ್ಲದ ಕಡೆ ಕಲೆಯೂ ಹಾಜರಿ ಕೂಗಿನಂತೆ ಇನ್ನೊಂದು ಕಡ್ಡಾಯವಾಗುತ್ತದೆ.

ಇದಕ್ಕೆಲ್ಲ ಎದುರು ದಿಕ್ಕಿನಿಂದ, ಕೈದಿಗಳ ಹಕ್ಕುಗಳ ಪರವಾಗಿರುವವರಿಂದಲೇ ಬರುವ ಟೀಕೆಯೊಂದಿದೆ. ಕೊಳೆತ ವ್ಯವಸ್ಥೆಯ ಮೇಲೆ ಬಣ್ಣ ಬಳಿಯುವುದು ಈ ಕಾರ್ಯಕ್ರಮಗಳ ನಿಜವಾದ ಕೆಲಸ, ಗಾಂಧಿ ಜಯಂತಿಯ ಫೋಟೊ ಚೆನ್ನಾಗಿ ಬಂದರೆ ಒಳಗಿನ ಸಾವು, ಲಂಚ, ಹೊಡೆತಗಳ ಸುದ್ದಿ ಹಿಂದೆ ಸರಿಯುತ್ತದೆ ಎಂಬುದು. ನನಗೆ ಹೆಚ್ಚು ತಟ್ಟುವ ಆಕ್ಷೇಪ ಇದು, ಏಕೆಂದರೆ ಎಷ್ಟೋ ಸಲ ಇದು ನಿಜ. ಆದರೆ ಕಲೆ ಮಂಪರು ತರುತ್ತದೆ ಎಂಬ ಅದರ ಗ್ರಹಿಕೆಯನ್ನು ನಾನು ಒಪ್ಪಲಾರೆ. ರೋಮಿನ ರೆಬಿಬ್ಬಿಯಾ ಸೆರೆಮನೆಯ ಬಿಗಿ ಭದ್ರತೆಯ ವಿಭಾಗದವರು ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ತಾಲೀಮು ಮಾಡುವುದನ್ನು ತಾವಿಯಾನಿ ಸೋದರರು 'ಸೀಸರ್ ಮಸ್ಟ್ ಡೈ' ಚಿತ್ರವಾಗಿಸಿದರು. 2012ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಅದಕ್ಕೆ ಬಂತು. ಕೊನೆಯಲ್ಲಿ ಕ್ಯಾಸಿಯಸ್ ಪಾತ್ರ ಮಾಡಿದ ಜೀವಾವಧಿ ಕೈದಿ ತನ್ನ ಕೋಣೆಗೆ ಮರಳಿ, ಕಲೆಯ ಪರಿಚಯವಾದ ಮೇಲೆಯೇ ಇದು ತನಗೆ ಸೆರೆಮನೆಯಾದದ್ದು ಎಂಬರ್ಥದ ಮಾತಾಡುತ್ತಾನೆ. ಮಂಪರಿನ ಮಾತಲ್ಲ ಅದು. ಅಲಂಕಾರವನ್ನೂ ಹಂಚಿಕೆಯನ್ನೂ ಬೇರ್ಪಡಿಸಲು ಕೆಲವು ನೇರ ಪ್ರಶ್ನೆಗಳಿವೆ: ಪ್ರೇಕ್ಷಕರ ಸಾಲಿನಲ್ಲಿ ಅತಿಥಿಗಳು ಹೆಚ್ಚೋ ಕೈದಿಗಳು ಹೆಚ್ಚೋ, ಫೋಟೊಗೆ ಕೈದಿಯ ಒಪ್ಪಿಗೆ ಕೇಳಿದರೋ, ಚಿತ್ರ ಮಾರಿದ ಹಣ ಯಾರಿಗೆ, ಸಂಭಾವನೆ ಇದೆಯೋ. 2024ರಲ್ಲಿ ತೆರೆಕಂಡ 'ಸಿಂಗ್ ಸಿಂಗ್' ಚಿತ್ರದಲ್ಲಿ ಆ ಸೆರೆಮನೆಯ ಮಾಜಿ ಕೈದಿಗಳೇ ಹೆಚ್ಚಾಗಿ ನಟಿಸಿದ್ದಾರೆ, ಕ್ಲಾರೆನ್ಸ್ ಮ್ಯಾಕ್ಲಿನ್ ತನ್ನದೇ ಪಾತ್ರ ಮಾಡಿದ್ದಾರೆ. ತಾರೆ ಕೋಲ್ಮನ್ ಡೊಮಿಂಗೊನಿಂದ ಸೆಟ್ಟಿನ ಸಹಾಯಕರವರೆಗೆ ಎಲ್ಲರಿಗೂ ಒಂದೇ ದರದ ಸಂಭಾವನೆ. 2025ರ ಜನವರಿಯಲ್ಲಿ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಮರಳಿದಾಗಲೇ ಸಾವಿರಕ್ಕೂ ಹೆಚ್ಚು ಸೆರೆಮನೆಗಳ ಕೈದಿಗಳ ಟ್ಯಾಬ್ಲೆಟ್‌ಗಳಿಗೂ ಅದನ್ನು ಬಿಡುಗಡೆ ಮಾಡಿದರು. 

ಇಂಥದ್ದನ್ನು ಮಾಡಲು ಕರ್ನಾಟಕಕ್ಕೆ ಬೇಕಾದ ಸಲಕರಣೆಗಳೆಲ್ಲ ಕೈಯಲ್ಲೇ ಇವೆ. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ಕೊಡುತ್ತದೆ. ಹಾಗೆ ನೆರವು ಪಡೆದ ಚಿತ್ರವನ್ನು ಕಾರಾಗೃಹಗಳಲ್ಲಿ ಶುಲ್ಕವಿಲ್ಲದೆ ತೋರಿಸಲು ಒಪ್ಪಿಗೆ ಇರಬೇಕೆಂದು ಒಂದು ಷರತ್ತು ಸೇರಿಸಿದರೆ ನಿರ್ಮಾಪಕರಿಗೆ ಬಿಡಿಗಾಸಿನ ನಷ್ಟವಿಲ್ಲ. ಪ್ರತಿ ವರ್ಷ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ; ಅದರ ಒಂದು ಪರದೆ ಪರಪ್ಪನ ಅಗ್ರಹಾರದಲ್ಲಿ, ಇನ್ನೊಂದು ಮೈಸೂರು ಅಥವಾ ಕಲಬುರಗಿಯ ಕೇಂದ್ರ ಕಾರಾಗೃಹದಲ್ಲಿ ಇರಬಾರದೇಕೆ? ಚಲನಚಿತ್ರ, ನಾಟಕ, ಲಲಿತಕಲಾ ಅಕಾಡೆಮಿಗಳ ವಾರ್ಷಿಕ ಯೋಜನೆಯಲ್ಲಿ ಜೈಲುಗಳಿಗೊಂದು ಸಾಲು ಇದ್ದರೆ ಕಟ್ಟೀಮನಿಯವರಂಥವರು ಪ್ರತಿ ಸಲ ಹೊಸ ಅಧಿಕಾರಿಯ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಮಹಿಳಾ ವಿಭಾಗಗಳನ್ನು ಹೆಸರಿಸಿಯೇ ಬರೆಯಬೇಕು. 2022ರಲ್ಲಿ ದೇಶದ ಕೈದಿಗಳಲ್ಲಿ ಹೆಂಗಸರು 23,772 ಮಾತ್ರ. ಸಂಖ್ಯೆ ಕಡಿಮೆಯೆಂಬ ಕಾರಣಕ್ಕೇ ಕಾರ್ಯಕ್ರಮಗಳು ಗಂಡಸರ ಅಂಗಳದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತವೆ. ಇದಕ್ಕೆ ಹೊಸ ಕಾನೂನಿಗಾಗಿ ಕಾಯುತ್ತ ಕೂರಬೇಕಿಲ್ಲ, ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಒಂದು ಸುತ್ತೋಲೆ ಸಾಕು. ತಿಂಗಳಿಗೆ ಇಷ್ಟು ಪ್ರದರ್ಶನ ಎಂದು ಅದರಲ್ಲಿರಲಿ, ನಡೆಯದಿದ್ದರೆ ಕಾರಣ ಬರೆದಿಡಬೇಕೆಂದೂ ಇರಲಿ. ಅರ್ಹತೆಯ ಕಾಲಂನಲ್ಲಿ ಸನ್ನಡತೆಯ ಮಾತು ಬೇಡ, 'ವಿಚಾರಣಾಧೀನರೂ ಸೇರಿ ಎಲ್ಲ ಬಂಧಿಗಳು' ಎಂದಿದ್ದರೆ ಆಯಿತು.